ಸಿ ಕೋಡ್‌ನಲ್ಲಿ ಕಾಮೆಂಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಮಕ್ಕಳಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಲ್ಯಾಬ್‌ನಲ್ಲಿ, ಬಸ್‌ಸ್ಟ್ಯಾಂಡ್‌ನಲ್ಲಿ, ಫೋನಿನಲ್ಲಿ, ಕೋಲಾರ ಚಿಕ್ಕಬಳ್ಳಾಪುರ ಕಡೆಯಿಂದ ಬರುವ ಮೆಸೇಜ್‌ಗಳಲ್ಲಿ ಕಾಮೆಂಟ್ ಬಗ್ಗೆ ಮತ್ತೆ ಮತ್ತೆ ಅದೇ ಪ್ರಶ್ನೆಗಳು ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದ್ದು ಮೊದಲು, ಕೆಲಸಕ್ಕೆ ಸೇರಿದವರು ಕೇಳುವಂಥದ್ದು ಕೊನೆಗೆ. ಒಂದು ವಿಷಯ: ಓದಲು ಸುಲಭ ಆಗಲಿ ಅಂತ ಕೋಡ್ ತುಣುಕುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಸಿ ಪದಗಳನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

## ಈಗಷ್ಟೇ ಶುರು ಮಾಡಿದವರಿಗೆ

ಮೇಡಂ, ಕಾಮೆಂಟ್ ಎಷ್ಟು ಥರ ಇದೆ, ಯಾವುದನ್ನ ಯಾವಾಗ ಹಾಕ್ಬೇಕು?

ಕಾಮೆಂಟ್ ಅಂದರೆ ಕೋಡ್ ಓದುವವರಿಗಾಗಿ ಬರೆಯುವ ಟಿಪ್ಪಣಿ, ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನ) ಅದನ್ನು ಬಿಟ್ಟುಬಿಡುತ್ತದೆ. ಎರಡೇ ಥರ. ಒಂದು /* ಬಂದಲ್ಲಿ ಶುರುವಾಗಿ */ ಬಂದಲ್ಲಿ ಮುಗಿಯುತ್ತದೆ, ಮಧ್ಯೆ ಎಷ್ಟು ಸಾಲು ಇದ್ದರೂ ಸರಿ. ಇನ್ನೊಂದು // ಬಂದಲ್ಲಿ ಶುರುವಾಗಿ ಆ ಸಾಲಿನ ಜೊತೆಗೇ ಮುಗಿಯುತ್ತದೆ.

    /* ಹಿಂದಿನ ತಿಂಗಳ ರೀಡಿಂಗ್ ಸಿಗದಿದ್ದರೆ
       ಮೂರು ತಿಂಗಳ ಸರಾಸರಿ ತೆಗೆದುಕೊಳ್ಳಬೇಕು */
    ಬಿಲ್ = ಯೂನಿಟ್ * ದರ;   // ದರ ಪೈಸೆಯಲ್ಲಿದೆ

ವಿವರಣೆ ಎರಡು ಮೂರು ಸಾಲು ಇದ್ದರೆ ಮೊದಲನೆಯದು, ಸಾಲಿನ ಪಕ್ಕದಲ್ಲಿ ಚಿಕ್ಕದಾಗಿ ಹೇಳುವುದಿದ್ದರೆ ಎರಡನೆಯದು. ಇದು ನಿಯಮ ಅಲ್ಲ, ಅನುಕೂಲ ಅಷ್ಟೇ. ಆದರೆ / ಮತ್ತು * ನಡುವೆ ಜಾಗ ಬಿಡಬೇಡಿ. ಬಿಟ್ಟರೆ ಅದು ಕಾಮೆಂಟ್ ಆಗುವುದಿಲ್ಲ, ಕಂಪೈಲರ್ ಅದನ್ನು ಭಾಗಾಕಾರ ಮತ್ತು ಗುಣಾಕಾರ ಅಂದುಕೊಳ್ಳುತ್ತದೆ.

// ಸಿ++ನದ್ದು, ಸಿ ನಲ್ಲಿ ಹಾಕಿದ್ರೆ ಮಾರ್ಕ್ಸ್ ಕಟ್ ಅಂತ ಸೀನಿಯರ್ಸ್ ಹೇಳ್ತಾರೆ. ನಿಜನಾ?

ಒಂದು ಕಾಲದಲ್ಲಿ ನಿಜ, ಈಗ ಅಲ್ಲ. // ಮೊದಲು ಇದ್ದದ್ದು 1967ರ ಬಿಸಿಪಿಎಲ್ ಭಾಷೆಯಲ್ಲಿ. ಅದರಿಂದ ಬಿ ಬಂತು, ಬಿ ಇಂದ 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಮಾಡಿದರು. ಈ ದಾರಿಯಲ್ಲಿ // ಬಿಟ್ಟುಹೋಗಿ /* */ ಬಂತು. ಆಮೇಲೆ ಸಿ++ ಅದನ್ನು ವಾಪಸ್ ತಂದಿತು. 1989ರ ಮೊದಲ ಸಿ ಸ್ಟ್ಯಾಂಡರ್ಡ್‌ನಲ್ಲಿ // ಇರಲಿಲ್ಲ, 1999ರ ಸ್ಟ್ಯಾಂಡರ್ಡ್‌ನಲ್ಲಿ (ಸಿ99) ಅಧಿಕೃತವಾಗಿ ಸೇರಿತು. ಅಂದರೆ ಈಗ ಮೊದಲ ವರ್ಷದಲ್ಲಿರುವ ಮಕ್ಕಳು ಹುಟ್ಟುವ ಮೊದಲೇ ಅದು ಸಿ ಭಾಷೆಯ ಭಾಗ ಆಗಿಹೋಗಿದೆ.

ಈಗಲೂ ಜಿಸಿಸಿ ಕಂಪೈಲರ್‌ಗೆ 1990ರ ಸ್ಟ್ಯಾಂಡರ್ಡ್‌ನಂತೆ (ಸಿ90, 1989ರದ್ದರ ಐಎಸ್‌ಒ ರೂಪ) ನಡೆ ಅಂತ ಆಪ್ಷನ್ ಕೊಟ್ಟರೆ // ಕಂಡಲ್ಲಿ ಎರರ್ ಕೊಡುತ್ತದೆ. ನಿಮ್ಮ ಲ್ಯಾಬ್‌ನಲ್ಲಿ ಎರರ್ ಬಂದರೆ ಕಾರಣ ಅದೇ ಇರಬಹುದು, ಇಲ್ಲ ಕಂಪೈಲರೇ ತೀರಾ ಹಳೆಯದಿರಬಹುದು. ಪರೀಕ್ಷೆಯಲ್ಲಿ ಎಕ್ಸ್‌ಟರ್ನಲ್ ಕೇಳಿದರೆ "ಸಿ99 ಇಂದ ಇದೆ ಸರ್" ಅಂತ ಧೈರ್ಯವಾಗಿ ಹೇಳಿ.

ಕಾಮೆಂಟ್ ಜಾಸ್ತಿ ಆದ್ರೆ ಪ್ರೋಗ್ರಾಂ ಸ್ಲೋ ಆಗುತ್ತಾ? ಫೈಲ್ ಸೈಜ್ ಜಾಸ್ತಿ ಆಗುತ್ತಾ?

ಸೋರ್ಸ್ ಫೈಲ್ ದೊಡ್ಡದಾಗುತ್ತದೆ, ಅಷ್ಟೇ. ಕಂಪೈಲರ್ ಶುರುವಿನಲ್ಲೇ ಪ್ರತಿ ಕಾಮೆಂಟನ್ನೂ ತೆಗೆದು ಆ ಜಾಗದಲ್ಲಿ ಒಂದೇ ಒಂದು ಸ್ಪೇಸ್ ಇಡುತ್ತದೆ. ನಿಮ್ಮ ಕಾಮೆಂಟ್ ಒಂದು ಪದ ಇರಲಿ, ನಾಲ್ಕು ಪುಟ ಇರಲಿ, ಲೆಕ್ಕಕ್ಕೆ ಒಂದು ಸ್ಪೇಸ್. ಕೊನೆಗೆ ಓಡುವ ಪ್ರೋಗ್ರಾಂನಲ್ಲಿ ಅದರ ಸುಳಿವೂ ಇರುವುದಿಲ್ಲ. ಮೈಕ್ರೋಕಂಟ್ರೋಲರ್‌ನಲ್ಲಿ ಮೆಮೊರಿ ಕಮ್ಮಿ ಇದೆ ಅಂತ ಕಾಮೆಂಟ್ ಅಳಿಸುವವರನ್ನು ನೋಡಿದ್ದೇನೆ, ಅದರಿಂದ ಒಂದು ಬೈಟೂ ಉಳಿಯುವುದಿಲ್ಲ.

ಕಾಮೆಂಟ್ ಎಲ್ಲಿ ಬೇಕಾದ್ರೂ ಹಾಕ್ಬಹುದಾ? ಸಾಲಿನ ಮಧ್ಯೆನೂ?

ಎಲ್ಲಿ ಒಂದು ಸ್ಪೇಸ್ ಹಾಕಿದರೆ ತೊಂದರೆ ಇಲ್ಲವೋ ಅಲ್ಲೆಲ್ಲಾ ಹಾಕಬಹುದು. ಫಂಕ್ಷನ್ ಕರೆಯುವಾಗ ಕಾಮಾ ಪಕ್ಕದಲ್ಲೂ ಹಾಕಬಹುದು. ಒಂದು ಪದದ ಮಧ್ಯೆ ಹಾಕಿದರೆ ಮಾತ್ರ ಆ ಪದ ಎರಡು ತುಂಡಾಗುತ್ತದೆ. ಇನ್ನು ಡಬಲ್ ಕೋಟ್ಸ್ ಒಳಗೆ ಇರುವುದು ಕಾಮೆಂಟ್ ಆಗುವುದೇ ಇಲ್ಲ, ಅದು ಸ್ಟ್ರಿಂಗ್‌ನ ಭಾಗ. ಹಾಗಾಗಿ ವೆಬ್ ವಿಳಾಸದಲ್ಲಿ ಬರುವ // ಅನ್ನು ಸ್ಟ್ರಿಂಗ್ ಒಳಗೆ ಹೆದರದೆ ಬರೆಯಬಹುದು.

ಲ್ಯಾಬ್ ರೆಕಾರ್ಡ್‌ನಲ್ಲಿ ಪ್ರತಿ ಸಾಲಿಗೂ ಕಾಮೆಂಟ್ ಬರೀಬೇಕು ಅಂತಾರೆ. ಬರೀಲೇಬೇಕಾ?

ರೆಕಾರ್ಡ್‌ಗೆ ನಿಮ್ಮ ಕಾಲೇಜಿನವರು ಹೇಳಿದಂತೆ ಬರೆಯಿರಿ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಕಲಿಯುವ ಮೊದಲ ದಿನಗಳಲ್ಲಿ ಪ್ರತಿ ಸಾಲು ಏನು ಮಾಡುತ್ತದೆ ಅಂತ ನಿಮ್ಮ ಮಾತಿನಲ್ಲಿ ಬರೆದುಕೊಂಡರೆ ಲಾಭವೂ ಇದೆ. ವೈವಾದಲ್ಲಿ ಕೇಳಿದಾಗ ಬಾಯಿಗೆ ಬರುತ್ತದೆ.

ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡು ಪ್ರಾಜೆಕ್ಟಿಗೂ ಹಾಗೇ ಬರೆಯುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಜಾರು. ಐ++ ಪಕ್ಕದಲ್ಲಿ "ಐ ಅನ್ನು ಒಂದು ಜಾಸ್ತಿ ಮಾಡು" ಅಂತ ಬರೆದರೆ ಸಿ ಗೊತ್ತಿರುವವರಿಗೆ ಅದರಿಂದ ಏನೂ ಸಿಗುವುದಿಲ್ಲ, ಸಿ ಗೊತ್ತಿಲ್ಲದವರು ಆ ಫೈಲ್ ತೆಗೆಯುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಂಥ ನಲವತ್ತು ಕಾಮೆಂಟ್ ಓದಿದ ಕಣ್ಣು ನಲವತ್ತೊಂದನೆಯದನ್ನು ಬಿಟ್ಟು ಮುಂದೆ ಹೋಗುತ್ತದೆ, ಮುಖ್ಯವಾದ ಎಚ್ಚರಿಕೆ ಇದ್ದದ್ದು ಅಲ್ಲೇ ಆಗಿರುತ್ತದೆ.

## ಬರೆಯುವ ರೀತಿ

ಹಾಗಾದ್ರೆ ಒಳ್ಳೆ ಕಾಮೆಂಟ್ ಅಂದ್ರೆ ಯಾವುದು? ಸುಮ್ನೆ ಥಿಯರಿ ಬೇಡ, ಉದಾಹರಣೆ ಕೊಡಿ

ಕೋಡ್ ಓದಿ ತಿಳಿಯಲಾಗದ ವಿಷಯ ಹೇಳುವುದು ಒಳ್ಳೆ ಕಾಮೆಂಟ್. ಕೋಡ್ ಏನು ಮಾಡುತ್ತದೆ ಅಂತ ಕೋಡೇ ಹೇಳುತ್ತದೆ. ಯಾಕೆ ಹಾಗೆ ಮಾಡಿದಿರಿ, ಆ ನಂಬರ್ ಎಲ್ಲಿಂದ ಬಂತು, ಅಳತೆ ಯಾವುದರಲ್ಲಿದೆ, ಬದಲಾಯಿಸಿದರೆ ಏನು ಕೆಡುತ್ತದೆ, ಇವನ್ನು ಕೋಡ್ ಹೇಳಲಾರದು.

ಕೋಲಾರದ ಹುಡುಗನೊಬ್ಬ ಟೊಮೆಟೊ ಮಂಡಿಯ ಲೆಕ್ಕಕ್ಕೆ ಚಿಕ್ಕ ಪ್ರೋಗ್ರಾಂ ಬರೆಯುತ್ತಾನೆ ಅಂದುಕೊಳ್ಳಿ.

    ತೂಕ = ಬಾಕ್ಸ್ * 15;   // ಬಾಕ್ಸ್ ಮತ್ತು 15 ಗುಣಿಸು

ಈ ಕಾಮೆಂಟ್ ಯಾರಿಗೂ ಬೇಡ. ಇದನ್ನು ನೋಡಿ:

    ತೂಕ = ಬಾಕ್ಸ್ * 15;   // ಕೋಲಾರ ಎಪಿಎಂಸಿ ಬಾಕ್ಸ್ ಲೆಕ್ಕ, 15 ಕೆಜಿ

15 ಎಲ್ಲಿಂದ ಬಂತು ಅಂತ ಗೊತ್ತಾಯಿತು, ಕೆಜಿ ಅಂತ ಗೊತ್ತಾಯಿತು, ಬೇರೆ ಅಳತೆಯ ಬಾಕ್ಸ್ ಬಳಸುವ ಮಾರ್ಕೆಟ್‌ಗೆ ಇದೇ ಪ್ರೋಗ್ರಾಂ ಕೊಡುವಾಗ ಎಲ್ಲಿ ಬದಲಾಯಿಸಬೇಕು ಅಂತಲೂ ಗೊತ್ತಾಯಿತು.

ಎರಡನೆಯ ಉದಾಹರಣೆ ನನಗೆ ತುಂಬಾ ಇಷ್ಟ, ಯಾಕೆಂದರೆ ನಮ್ಮ ಕಡೆ ಫೈನಲ್ ಇಯರ್ ಪ್ರಾಜೆಕ್ಟ್ ಅಂದರೆ ಅರ್ಧ ಜನ ಬೋರ್‌ವೆಲ್ ಮೋಟರ್ ಕಂಟ್ರೋಲರ್ ಮಾಡುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರ್ ಆನ್ ಮಾಡಬಾರದು. ಆ ಲೈನಿನ ಎಲ್ಲಾ ಮೋಟರ್‌ಗಳೂ ಒಟ್ಟಿಗೇ ಶುರುವಾದರೆ ವೋಲ್ಟೇಜ್ ಬೀಳುತ್ತದೆ, ಅದಕ್ಕೆ ಎರಡು ನಿಮಿಷ ಕಾಯುತ್ತಾರೆ. ಕೋಡ್ ಹೀಗಿರುತ್ತದೆ:

    /* ಕರೆಂಟ್ ಬಂದ ಮೇಲೆ 2 ನಿಮಿಷ ಕಾಯಬೇಕು. ಊರಿನ ಮೋಟರೆಲ್ಲಾ
       ಒಟ್ಟಿಗೆ ಶುರುವಾಗಿ ವೋಲ್ಟೇಜ್ ಬೀಳುತ್ತದೆ.
       60 ಪಕ್ಕದ ಎಲ್ ತೆಗೆಯಬೇಡಿ: ಈ ಚಿಪ್‌ನಲ್ಲಿ ಇಂಟ್ 16 ಬಿಟ್,
       32767 ದಾಟಿದರೆ ಲೆಕ್ಕ ಕೆಡುತ್ತದೆ. */
    ಕಾಯುವ_ಮಿಲಿಸೆಕೆಂಡ್ = 2 * 60ಎಲ್ * 1000;

ಎರಡು ನಿಮಿಷ ಅಂದರೆ 120000 ಮಿಲಿಸೆಕೆಂಡ್. ಆರ್ಡುಯಿನೋ ಉನೋದಲ್ಲಿರುವ ಎವಿಆರ್ ಚಿಪ್‌ನಲ್ಲಿ ಇಂಟ್ 16 ಬಿಟ್ ಮಾತ್ರ, 120000 ಅದರಲ್ಲಿ ಹಿಡಿಯುವುದಿಲ್ಲ. ನಂಬರ್ ಪಕ್ಕದಲ್ಲಿ ಎಲ್ ಹಾಕಿದರೆ ಲೆಕ್ಕ ಲಾಂಗ್‌ನಲ್ಲಿ ನಡೆಯುತ್ತದೆ. ಈ ಕಾಮೆಂಟ್ ಇಲ್ಲದಿದ್ದರೆ ಮುಂದಿನ ವರ್ಷದ ಜೂನಿಯರ್ ಆ ಎಲ್ ನೋಡಿ ಟೈಪಿಂಗ್ ತಪ್ಪು ಅಂದುಕೊಂಡು ಅಳಿಸುತ್ತಾನೆ. ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದರೆ ಸರಿಯಾಗೇ ಇರುತ್ತದೆ, ಅಲ್ಲಿ ಇಂಟ್ 32 ಬಿಟ್. ತೋಟದಲ್ಲಿ ಮಾತ್ರ ಕೈಕೊಡುತ್ತದೆ.

ಅಳತೆಯ ವಿಷಯ ಹಣಕ್ಕೂ ಅನ್ವಯಿಸುತ್ತದೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಲೆಕ್ಕ ಬರೆಯುವಾಗ ದರವನ್ನು ಪೈಸೆಯಲ್ಲಿ ಇಂಟಿಜರ್ ಆಗಿ ಇಟ್ಟರೆ ಫ್ಲೋಟ್‌ನ ರೌಂಡಿಂಗ್ ಕಾಟ ಇರುವುದಿಲ್ಲ. ಆದರೆ "ಪೈಸೆಯಲ್ಲಿ" ಅಂತ ಒಂದು ಪದ ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಅದನ್ನು ರೂಪಾಯಿ ಅಂದುಕೊಂಡು ಬಿಲ್ ಮಾಡುತ್ತಾರೆ.

ಹೆಸರು ಸರಿಯಾಗಿ ಇಟ್ರೆ ಕಾಮೆಂಟೇ ಬೇಡ ಅಂತ ಒಬ್ರು ಹೇಳಿದ್ರು. ಯಾವುದು ಸರಿ?

ಅರ್ಧ ಸರಿ. ಎ, ಬಿ, ಟೆಂಪ್1, ಟೆಂಪ್2 ಅಂತ ಹೆಸರಿಟ್ಟು ಪಕ್ಕದಲ್ಲಿ ಕಾಮೆಂಟ್‌ನಲ್ಲಿ ವಿವರಿಸುವುದಕ್ಕಿಂತ ವೇರಿಯಬಲ್‌ಗೇ ದರ_ಪೈಸೆ ಅಂತ ಹೆಸರಿಡುವುದು ಮೇಲು. ಹೆಸರು ಕೋಡ್ ಜೊತೆ ಎಲ್ಲಾ ಕಡೆ ಹೋಗುತ್ತದೆ, ಕಾಮೆಂಟ್ ಒಂದೇ ಜಾಗದಲ್ಲಿ ಉಳಿಯುತ್ತದೆ. ಆದರೆ ಹೆಸರು ಕಾರಣ ಹೇಳುವುದಿಲ್ಲ. ಮೋಟರ್ ಉದಾಹರಣೆಯಲ್ಲಿ ಎಷ್ಟು ಒಳ್ಳೆ ಹೆಸರಿಟ್ಟರೂ ಆ ಎಲ್ ಯಾಕೆ ಬೇಕು ಅಂತ ಹೆಸರಿನಿಂದ ತಿಳಿಯುವುದಿಲ್ಲ ಅಲ್ವಾ? ಮೊದಲು ಹೆಸರು ಸರಿಮಾಡಿ, ಆಮೇಲೆ ಇನ್ನೂ ಹೇಳುವುದು ಉಳಿದಿದ್ದರೆ ಕಾಮೆಂಟ್ ಬರೆಯಿರಿ.

ಅಕ್ಕಾ, ಕನ್ನಡದಲ್ಲಿ ಕಾಮೆಂಟ್ ಬರೆದ್ರೆ ಕಂಪೈಲರ್ ಒಪ್ಪುತ್ತಾ?

ಒಪ್ಪುತ್ತದೆ. ಫೈಲನ್ನು ಯುಟಿಎಫ್-8ನಲ್ಲಿ ಸೇವ್ ಮಾಡಿ, ಅಷ್ಟೇ ಸಾಕು. ಕಾಮೆಂಟ್ ಒಳಗೆ ಕಂಪೈಲರ್ ಹುಡುಕುವುದು ಮುಗಿಯುವ ಗುರುತನ್ನು ಮಾತ್ರ. ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟ್‌ಗೆ ಮೂರು ಬೈಟ್, ಆ ಮೂರೂ 127ಕ್ಕಿಂತ ದೊಡ್ಡ ಬೆಲೆಯವು. ನಕ್ಷತ್ರ, ಸ್ಲ್ಯಾಶ್, ಬ್ಯಾಕ್‌ಸ್ಲ್ಯಾಶ್ ಮೂರೂ 127ರ ಒಳಗೆ ಇವೆ. ಹಾಗಾಗಿ ಕನ್ನಡ ಅಕ್ಷರದ ಯಾವ ತುಂಡೂ ಆ ಗುರುತುಗಳ ಹಾಗೆ ಕಾಣಲು ಸಾಧ್ಯವೇ ಇಲ್ಲ.

ತೊಂದರೆ ಬರುವುದು ಬೇರೆ ಕಡೆ. ನುಡಿ, ಬರಹದ ಹಳೆಯ ಫಾಂಟ್ ಪದ್ಧತಿಯಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಬೇಡಿ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಹೋದರೆ ಓದಲು ಬರುವುದಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಡಾಸ್ ಕಾಲದ ಟರ್ಬೋ ಸಿ ಎಡಿಟರ್‌ನಲ್ಲಂತೂ ಕನ್ನಡ ಕಾಣುವುದೇ ಇಲ್ಲ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಚದುರಿದಂತೆ ಕಾಣುತ್ತದೆ, ಅದು ತೋರಿಸುವುದರಲ್ಲಿನ ತೊಂದರೆ, ಫೈಲ್ ಸರಿಯಾಗೇ ಇರುತ್ತದೆ.

ಬರೆಯಬೇಕಾ ಅನ್ನುವುದು ಬೇರೆ ಪ್ರಶ್ನೆ. ನೀವು ಕಲಿಯುತ್ತಿದ್ದರೆ, ನಿಮ್ಮ ಗುಂಪಿನವರಿಗೆಲ್ಲಾ ಕನ್ನಡ ಓದಲು ಬಂದರೆ, ಖಂಡಿತ ಬರೆಯಿರಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್‌ನಲ್ಲಿ "ಲೂಪ್ ಫಾರ್ ಐ" ಅಂತ ನಿಲ್ಲಿಸಿಬಿಡುತ್ತಾರೆ, ಅದೇ ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಹೇಳಿದರೆ ಯಾಕೆ, ಏನು, ಎತ್ತ ಅಂತ ಪೂರ್ತಿ ಬರೆಯುತ್ತಾರೆ. ಯೋಚನೆ ಇದ್ದೇ ಇರುತ್ತದೆ, ಭಾಷೆ ತಡೆಯುತ್ತಿರುತ್ತದೆ. ಚಿಂತಾಮಣಿ, ಶ್ರೀನಿವಾಸಪುರ, ಪಾವಗಡ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೂ ಶಾಲೆಯಲ್ಲಿ ಕನ್ನಡ ಬರೆದವರೇ ಆಗಿದ್ದರೆ ಅವರಿಗೂ ಇದು ಸಲೀಸು. ಆದರೆ ಬೇರೆ ರಾಜ್ಯದವರು ಇರುವ ಟೀಮ್, ಓಪನ್ ಸೋರ್ಸ್ ಕೋಡ್ ಆದರೆ ಇಂಗ್ಲಿಷ್‌ನಲ್ಲೇ ಬರೆಯಿರಿ. ಓದುವವರಿಗೆ ಅರ್ಥ ಆಗಬೇಕು.

ಫಂಕ್ಷನ್ ಮೇಲೆ ಏನೇನು ಬರೀಬೇಕು?

ಆ ಫಂಕ್ಷನ್ ಕರೆಯುವವರಿಗೆ ಒಳಗಿನ ಕೋಡ್ ಓದದೆ ಏನು ಗೊತ್ತಿರಬೇಕೋ ಅದು. ಸಿ ನಲ್ಲಿ ಇದು ಬೇರೆ ಭಾಷೆಗಳಿಗಿಂತ ಮುಖ್ಯ. ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ವಾಪಸ್ ಬಂದರೆ ಅದನ್ನು ಯಾರು ಫ್ರೀ ಮಾಡಬೇಕು, ಅಂದರೆ ಆ ಮೆಮೊರಿ ಬಿಡಬೇಕು ಅಂತ ಸಿ ನಿಮಗೆ ಎಲ್ಲೂ ಹೇಳುವುದಿಲ್ಲ. ನಲ್ ಕೊಡಬಹುದಾ, ಕೊಟ್ಟ ಅರೇ ಎಷ್ಟು ದೊಡ್ಡದಿರಬೇಕು, ಸ್ಟ್ರಿಂಗ್ ಕೊನೆಯ ಸೊನ್ನೆಗೆ ಜಾಗ ಸೇರಿಸಿ ಲೆಕ್ಕ ಹಾಕಬೇಕಾ, ಕೆಲಸ ಕೆಟ್ಟರೆ -1 ಬರುತ್ತದಾ 0 ಬರುತ್ತದಾ, ಇದೆಲ್ಲಾ ಕಾಮೆಂಟ್‌ನಲ್ಲೇ ಬರಬೇಕು. ಈ ವಿವರಣೆ ಹೆಡರ್ ಫೈಲ್‌ನಲ್ಲಿರಲಿ, ಬಳಸುವವರು ತೆಗೆದು ನೋಡುವುದು ಅದನ್ನೇ.

/** ಅಂತ ಎರಡು ನಕ್ಷತ್ರದಿಂದ ಶುರುವಾದ ಕಾಮೆಂಟ್ ನೋಡಿದ್ದರೆ ಅದು ಡಾಕ್ಸಿಜನ್ ಅನ್ನುವ ಸಾಧನಕ್ಕೆ ಬರೆದದ್ದು. ಕಂಪೈಲರ್‌ಗೆ ಅದು ಮಾಮೂಲಿ ಕಾಮೆಂಟೇ. ಡಾಕ್ಸಿಜನ್ ಅದನ್ನು ಓದಿ ಬ್ರೌಸರ್‌ನಲ್ಲಿ ನೋಡುವಂಥ ಪುಟ ಮಾಡಿಕೊಡುತ್ತದೆ.

ಕೋಡ್ ಬದಲಾಯಿಸಿದೆ, ಕಾಮೆಂಟ್ ಹಳೇದೇ ಇದೆ. ಔಟ್‌ಪುಟ್ ಸರಿ ಬರ್ತಿದೆ, ಬಿಡಬಹುದಲ್ವಾ?

ಬಿಡಬೇಡಿ. ಔಷಧಿ ಅಂಗಡಿ ಹೋಗಿ ಬೇರೆ ಅಂಗಡಿ ಬಂದ ಮೇಲೂ ಹಳೆ ಬೋರ್ಡ್ ಹಾಗೇ ನೇತಾಡಿದರೆ ಬಂದವರು ಔಷಧಿ ಕೇಳಿ ದಾರಿ ತಪ್ಪುತ್ತಾರಲ್ಲ, ಹಾಗೇ ಇದು. ಕಾಮೆಂಟ್ ತಪ್ಪಿದ್ದರೆ ಕಂಪೈಲರ್ ಎರರ್ ಕೊಡುವುದಿಲ್ಲ, ಟೆಸ್ಟ್‌ನಲ್ಲೂ ಸಿಕ್ಕಿಬೀಳುವುದಿಲ್ಲ. ಮನುಷ್ಯರೇ ಸರಿಮಾಡಬೇಕು. ಸರಿಮಾಡಲು ಸಮಯ ಇಲ್ಲದಿದ್ದರೆ ಅಳಿಸಿಬಿಡಿ. ಕಾಮೆಂಟ್ ಇಲ್ಲದ ಕೋಡನ್ನು ಜನ ಜಾಗ್ರತೆಯಿಂದ ಓದುತ್ತಾರೆ, ಸುಳ್ಳು ಕಾಮೆಂಟನ್ನು ನಂಬುತ್ತಾರೆ.

ಹಳೆ ಕೋಡನ್ನ ಕಾಮೆಂಟ್ ಮಾಡಿ ಇಟ್ಕೊಂಡ್ರೆ ತಪ್ಪಾ? ಮುಂದೆ ಬೇಕಾಗಬಹುದು

ಒಂದು ಮಧ್ಯಾಹ್ನ, ತಪ್ಪು ಹುಡುಕುವಾಗ ಇಟ್ಟುಕೊಳ್ಳಿ. ವಿಎಸ್ ಕೋಡ್‌ನಲ್ಲಿ ಸಾಲುಗಳನ್ನು ಆಯ್ದು ಕಂಟ್ರೋಲ್ ಮತ್ತು ಸ್ಲ್ಯಾಶ್ ಒತ್ತಿದರೆ ಎಲ್ಲಕ್ಕೂ // ಬೀಳುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಳಿಸಿ. ಹಳೆಯದು ಬೇಕಾದರೆ ಗಿಟ್‌ನಲ್ಲಿ (ಕೋಡಿನ ಹಳೆಯ ರೂಪಗಳನ್ನೆಲ್ಲಾ ಉಳಿಸಿಡುವ ಸಾಧನ) ಇದ್ದೇ ಇರುತ್ತದೆ, ಮೊದಲ ವರ್ಷದಲ್ಲೇ ಗಿಟ್ ಕಲಿಯಿರಿ. ಮುಚ್ಚಿಟ್ಟ ಕೋಡ್ ಯಾಕೆ ಅಲ್ಲಿದೆ ಅಂತ ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ, ಅಳಿಸಲು ಧೈರ್ಯವೂ ಬರುವುದಿಲ್ಲ.

## ಎರರ್ ಬಂದಾಗ

ಈ ಭಾಗದ ಪ್ರಶ್ನೆಗಳಿಗೆಲ್ಲಾ ಒಂದೇ ಬೇರು. ಕಂಪೈಲರ್ ಮೊದಲು ಬ್ಯಾಕ್‌ಸ್ಲ್ಯಾಶ್‌ನಿಂದ ಮುಗಿದ ಸಾಲುಗಳನ್ನು ಮುಂದಿನ ಸಾಲಿಗೆ ಜೋಡಿಸುತ್ತದೆ. ಆಮೇಲೆ ಕಾಮೆಂಟ್ ತೆಗೆದು ಸ್ಪೇಸ್ ಇಡುತ್ತದೆ. ಅದಾದ ಮೇಲೆ # ಇಂದ ಶುರುವಾದ ಆಜ್ಞೆಗಳನ್ನು, ಮ್ಯಾಕ್ರೋಗಳನ್ನು (#ಡಿಫೈನ್‌ನಿಂದ ಹೆಸರಿಟ್ಟ ಕೋಡ್ ತುಣುಕುಗಳನ್ನು) ನೋಡುತ್ತದೆ. ಈ ಕ್ರಮ ತಲೆಯಲ್ಲಿದ್ದರೆ ಕೆಳಗಿನವು ತಾವಾಗಿಯೇ ಅರ್ಥ ಆಗುತ್ತವೆ.

ಒಂದು ಕಾಮೆಂಟ್ ಒಳಗೆ ಇನ್ನೊಂದು ಕಾಮೆಂಟ್ ಇತ್ತು. ಪೂರ್ತಿ ಬ್ಲಾಕ್ ಕಾಮೆಂಟ್ ಮಾಡಿದ್ರೆ ಎರರ್ ಬರ್ತಿದೆ

ಸಿ ನಲ್ಲಿ /* */ ಒಂದರೊಳಗೊಂದು ಕೂರುವುದಿಲ್ಲ. ಒಳಗಿನ /* ಗೆ ಬೆಲೆ ಇಲ್ಲ. ಮೊದಲು ಸಿಕ್ಕ */ ಇಡೀ ಕಾಮೆಂಟನ್ನು ಮುಗಿಸಿಬಿಡುತ್ತದೆ. ಅದರ ಮುಂದೆ ಇರುವುದೆಲ್ಲಾ ಮತ್ತೆ ಕೋಡ್ ಆಗುತ್ತದೆ, ಕೊನೆಯ */ ಒಂಟಿಯಾಗಿ ಉಳಿದು ಎರರ್ ಕೊಡುತ್ತದೆ. ಎಲ್ಲಾ ವಾರ್ನಿಂಗ್ ಆನ್ ಮಾಡುವ ಆಪ್ಷನ್ ಇಟ್ಟರೆ ಜಿಸಿಸಿ ಒಳಗಿನ /* ಕಂಡಲ್ಲೇ ಎಚ್ಚರಿಸುತ್ತದೆ.

ದೊಡ್ಡ ಬ್ಲಾಕ್ ಮುಚ್ಚಬೇಕಾದರೆ ಮೇಲೆ #ಇಫ್ 0, ಕೆಳಗೆ #ಎಂಡ್‌ಇಫ್ ಹಾಕಿ. ಒಳಗೆ ಕಾಮೆಂಟ್ ಇದ್ದರೂ ಪರವಾಗಿಲ್ಲ, ಇನ್ನೊಂದು #ಇಫ್ ಜೋಡಿ ಇದ್ದರೂ ಪರವಾಗಿಲ್ಲ. ಆದರೆ ಅದರೊಳಗೆ ಸಾದಾ ಇಂಗ್ಲಿಷ್ ವಾಕ್ಯ ಬರೆಯಬೇಡಿ. "ಡೋಂಟ್" ಅನ್ನುವ ಪದದ ಮಧ್ಯೆ ಬರುವ ಒಂಟಿ ಕೋಟ್ ಕಂಡರೆ ಜೋಡಿ ಸಿಗಲಿಲ್ಲ ಅಂತ ವಾರ್ನಿಂಗ್ ಬರುತ್ತದೆ. #ಇಫ್ 0 ಇರುವುದು ಕೋಡ್ ಮುಚ್ಚಲು, ವಿವರಣೆ ಬರೆಯಲು ಕಾಮೆಂಟ್ ಇದೆ.

ಭಾಗಾಕಾರ ಮಾಡಿದ್ದೇ ತಪ್ಪಾಯ್ತು, ಕೆಳಗಿನ ಕೋಡೆಲ್ಲಾ ಎಡಿಟರ್‌ನಲ್ಲಿ ಹಸಿರಾಗಿಬಿಟ್ಟಿದೆ

ಹೀಗೆ ಬರೆದಿರುತ್ತೀರಿ:

    ಸರಾಸರಿ = ಒಟ್ಟು/*ಎಣಿಕೆ;

ಎಣಿಕೆ ಒಂದು ಪಾಯಿಂಟರ್, ಅದು ತೋರಿಸುವ ಬೆಲೆಯಿಂದ ಭಾಗಿಸುವುದು ನಿಮ್ಮ ಉದ್ದೇಶ. ಕಂಪೈಲರ್‌ಗೆ ಕಂಡದ್ದು /* ಮಾತ್ರ. ಮುಂದೆ ಎಲ್ಲೋ */ ಸಿಗುವವರೆಗೆ ಎಲ್ಲವೂ ಕಾಮೆಂಟ್. ಅಂಥದ್ದು ಸಿಗದಿದ್ದರೆ ಮುಗಿಯದ ಕಾಮೆಂಟ್ ಅಂತ ಎರರ್ ಬರುತ್ತದೆ. ಸಿಕ್ಕಿದರೆ ಇನ್ನೂ ಕಷ್ಟ, ಎರರ್ ಎಲ್ಲೋ ದೂರದ ಸಾಲಿನಲ್ಲಿ ಬರುತ್ತದೆ. / ಆದ ಮೇಲೆ ಒಂದು ಸ್ಪೇಸ್ ಬಿಡಿ, ಇಲ್ಲ *ಎಣಿಕೆಗೆ ಬ್ರ್ಯಾಕೆಟ್ ಹಾಕಿ. ಎಡಿಟರ್‌ನಲ್ಲಿ ಬಣ್ಣ ಬದಲಾದದ್ದನ್ನು ಗಮನಿಸಿದ್ದೀರಲ್ಲ, ಆ ಅಭ್ಯಾಸ ಬಿಡಬೇಡಿ.

// ಕಾಮೆಂಟ್ ಕೆಳಗಿನ ಸಾಲು ಓಡ್ತಾನೇ ಇಲ್ಲ ಮೇಡಂ, ಎರರ್ರೂ ಇಲ್ಲ

ಆ ಕಾಮೆಂಟಿನ ಕೊನೆಯ ಅಕ್ಷರ ನೋಡಿ. ಬ್ಯಾಕ್‌ಸ್ಲ್ಯಾಶ್ ಇದೆಯಾ? ವಿಂಡೋಸ್ ಫೋಲ್ಡರ್ ವಿಳಾಸ ಬರೆದಾಗ ಹೀಗಾಗುತ್ತದೆ.

    // ಫೈಲ್ ಇರುವ ಜಾಗ ಡಿ:\ಲ್ಯಾಬ್\
    ಎಣಿಕೆ = 0;

ಸಾಲು ಜೋಡಿಸುವುದು ಮೊದಲು, ಕಾಮೆಂಟ್ ತೆಗೆಯುವುದು ಆಮೇಲೆ. ಹಾಗಾಗಿ ಎಣಿಕೆ = 0 ಕೂಡ ಕಾಮೆಂಟಿಗೆ ಅಂಟಿಕೊಂಡು ಹೋಯಿತು. ಎಣಿಕೆಯಲ್ಲಿ ಕಸ ಉಳಿದು ಉತ್ತರ ಪ್ರತಿ ಸಲ ಬೇರೆ ಬೇರೆ ಬರಬಹುದು. ವಾರ್ನಿಂಗ್‌ಗಳು ಆನ್ ಇದ್ದರೆ ಜಿಸಿಸಿ ಇದನ್ನೂ ಹೇಳುತ್ತದೆ.

ಮ್ಯಾಕ್ರೋ ಒಳಗೆ ಕಾಮೆಂಟ್ ಹಾಕಿದ್ರೆ ಏನಾಗುತ್ತೆ?

ಒಂದೇ ಸಾಲಿನ #ಡಿಫೈನ್ ಪಕ್ಕದಲ್ಲಿ // ಹಾಕಿದರೆ ಏನೂ ಆಗುವುದಿಲ್ಲ, ಮ್ಯಾಕ್ರೋ ನೋಡುವ ಮೊದಲೇ ಕಾಮೆಂಟ್ ಹೋಗಿರುತ್ತದೆ. ಸಾಲು ಸಾಲಿಗೂ ಬ್ಯಾಕ್‌ಸ್ಲ್ಯಾಶ್ ಹಾಕಿದ ಉದ್ದದ ಮ್ಯಾಕ್ರೋದಲ್ಲಿ ಮಾತ್ರ // ಬೇಡವೇ ಬೇಡ. ಸಾಲುಗಳೆಲ್ಲಾ ಮೊದಲು ಒಂದಾಗುತ್ತವೆ, ಆಮೇಲೆ ಆ // ಉಳಿದ ಇಡೀ ಮ್ಯಾಕ್ರೋವನ್ನೇ ನುಂಗುತ್ತದೆ. ಅಲ್ಲಿ /* */ ಬಳಸಿ.

## ಕೆಲಸಕ್ಕೆ ಸೇರಿದವರು, ಇಂಟರ್‌ವ್ಯೂಗೆ ಓದುವವರು

ಸಿ90ನಾ ಸಿ99ನಾ ಅಂತ ಕಾಮೆಂಟ್‌ನಿಂದಲೇ ಕಂಡುಹಿಡೀರಿ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು

ಚೆನ್ನಾಗಿದೆ ಪ್ರಶ್ನೆ. ಇದು ಉತ್ತರ:

    ಫಲ = 10 //**/ 2
    ;

ಹಳೆಯ ಸ್ಟ್ಯಾಂಡರ್ಡ್‌ನಲ್ಲಿ // ಅಂದರೆ ಏನೂ ಇಲ್ಲ. ಹಾಗಾಗಿ ಮೊದಲ / ಭಾಗಾಕಾರ, ಅದರ ಮುಂದಿನ /**/ ಖಾಲಿ ಕಾಮೆಂಟ್. 10 / 2, ಫಲ 5. ಸಿ99ನಲ್ಲಿ // ಇಂದ ಸಾಲಿನ ಕೊನೆವರೆಗೂ ಕಾಮೆಂಟ್, ಫಲ 10.

ಒಂದು ಕಾಮೆಂಟ್ ಅಳಿಸಿದ್ರೆ ವಾರ್ನಿಂಗ್ ಬರ್ತಿದೆ. ಕಂಪೈಲರ್ ಕಾಮೆಂಟ್ ಓದಲ್ಲ ಅಂದ್ರಲ್ಲ?

ಸ್ವಿಚ್ ಕೋಡ್ ಇರಬೇಕು. ಒಂದು ಕೇಸ್‌ನ ಕೊನೆಗೆ ಬ್ರೇಕ್ ಇಲ್ಲದಿದ್ದರೆ ಮುಂದಿನ ಕೇಸ್‌ಗೆ ಜಾರುತ್ತದೆ. ಬೇಕಂತಲೇ ಬಿಟ್ಟಿದ್ದಾರಾ, ಮರೆತಿದ್ದಾರಾ ಅಂತ ಕಂಪೈಲರ್‌ಗೆ ಗೊತ್ತಾಗುವುದಿಲ್ಲ. ಜಿಸಿಸಿ 7 ಬಂದಾಗ, 2017ರಲ್ಲಿ, ಇದಕ್ಕೆ ವಾರ್ನಿಂಗ್ ಬಂತು. ಅಲ್ಲಿ ಇಂಗ್ಲಿಷ್‌ನಲ್ಲಿ "ಫಾಲ್ ಥ್ರೂ" ಅನ್ನುವ ಅರ್ಥದ ಕಾಮೆಂಟ್ ಇದ್ದರೆ ಜಿಸಿಸಿ ಸುಮ್ಮನಿರುತ್ತದೆ. ಪ್ರೋಗ್ರಾಂ ಮಾತ್ರ ಬದಲಾಗುವುದಿಲ್ಲ, ವಾರ್ನಿಂಗ್ ಅಷ್ಟೇ ಹೋಗುತ್ತದೆ. ಹಳೆಯ ಯುನಿಕ್ಸ್‌ನಲ್ಲಿ ಕೋಡಿನ ತಪ್ಪು ಹುಡುಕುತ್ತಿದ್ದ ಲಿಂಟ್ ಅನ್ನುವ ಸಾಧನದ ಕಾಲದಿಂದಲೂ ಇಂಥ ಕಾಮೆಂಟ್‌ಗಳು ಇವೆ.

ಕನ್ನಡದಲ್ಲಿ ಕಾಮೆಂಟ್ ಬರೆಯುವವರು ಗಮನಿಸಿ: ಇದನ್ನು ಕನ್ನಡದಲ್ಲಿ ಬರೆದರೆ ಜಿಸಿಸಿಗೆ ತಿಳಿಯುವುದಿಲ್ಲ. ಕ್ಲ್ಯಾಂಗ್ ಕಂಪೈಲರ್ ಇಂಗ್ಲಿಷ್ ಕಾಮೆಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಿ23ರಲ್ಲಿ ಇದಕ್ಕೆಂದೇ ಜೋಡಿ ಚೌಕ ಬ್ರ್ಯಾಕೆಟ್‌ನಲ್ಲಿ ಬರೆಯುವ ಗುರುತು ಬಂದಿದೆ. ಹೊಸ ಕೋಡ್‌ಗೆ ಅದನ್ನೇ ಬಳಸಿ.

ನರಸಾಪುರದ ಕಡೆ ಇಂಟರ್ನ್‌ಶಿಪ್ ಸಿಕ್ಕಿದೆ, ಆಟೊಮೊಬೈಲ್ ಕೋಡ್. ಮಿಸ್ರಾ ಪ್ರಕಾರ ಕಾಮೆಂಟ್ ಬರೀಬೇಕಂತೆ

ಮಿಸ್ರಾ ಅಂದರೆ ವಾಹನಗಳ ಸಾಫ್ಟ್‌ವೇರ್‌ಗಾಗಿ ಇಂಗ್ಲೆಂಡ್‌ನಲ್ಲಿ ಶುರುವಾದ ಸಿ ನಿಯಮಗಳು, ಮೊದಲ ಪಟ್ಟಿ 1998ರದ್ದು. ಹಳೆಯ ಆವೃತ್ತಿಗಳಲ್ಲಿ // ಗೆ ಅವಕಾಶ ಇರಲಿಲ್ಲ. 2012ರದ್ದರಲ್ಲಿ ಸಿ99 ಬಳಸಿದರೆ ಹಾಕಬಹುದು. /* ಒಳಗೆ ಮತ್ತೆ /* ಬರಬಾರದು, // ಕಾಮೆಂಟ್ ಬ್ಯಾಕ್‌ಸ್ಲ್ಯಾಶ್‌ನಿಂದ ಮುಂದಿನ ಸಾಲಿಗೆ ಹೋಗಬಾರದು, ಕೋಡನ್ನು ಕಾಮೆಂಟ್ ಮಾಡಿ ಬಿಡಬಾರದು. ಮೇಲಿನ ಭಾಗದಲ್ಲಿ ನೋಡಿದ ತೊಂದರೆಗಳೇ ಇಲ್ಲಿ ನಿಯಮ ಆಗಿವೆ. ಬ್ರೇಕ್ ಹಿಡಿಯುವ ಕೋಡ್‌ನಲ್ಲಿ ಒಂದು ಸಾಲು ಸದ್ದಿಲ್ಲದೆ ಕಾಮೆಂಟ್‌ಗೆ ಸೇರಿದರೆ ಏನಾಗುತ್ತದೆ ಅಂತ ಯೋಚಿಸಿ, ನಿಯಮ ಯಾಕೆ ಅಂತ ತಿಳಿಯುತ್ತದೆ. ನಿಮ್ಮ ಕಂಪನಿ ಯಾವ ವರ್ಷದ ಆವೃತ್ತಿ ಬಳಸುತ್ತದೆ ಅಂತ ಮೊದಲ ದಿನವೇ ಕೇಳಿ.

ಕಾಮೆಂಟ್ ಓಡೋದೇ ಇಲ್ಲ ಅಂದ್ಮೇಲೆ ಅದರಿಂದ ಸೆಕ್ಯುರಿಟಿ ತೊಂದರೆ ಹೇಗೆ ಬರುತ್ತೆ?

2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕೊಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ಇದನ್ನು ತೋರಿಸಿದರು, ಟ್ರೋಜನ್ ಸೋರ್ಸ್ ಅಂತ ಅದಕ್ಕೆ ಹೆಸರು. ಅರೇಬಿಕ್, ಹೀಬ್ರೂ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ. ಅದಕ್ಕೆ ಯೂನಿಕೋಡ್‌ನಲ್ಲಿ ದಿಕ್ಕು ಬದಲಿಸುವ, ಕಣ್ಣಿಗೆ ಕಾಣದ ಗುರುತುಗಳಿವೆ. ಅವನ್ನು ಕಾಮೆಂಟ್‌ನಲ್ಲಿ ಅಡಗಿಸಿಟ್ಟರೆ ಪರದೆಯ ಮೇಲೆ ಸಾಲಿನ ಕ್ರಮ ಬದಲಾಗಿ ಕಾಣುತ್ತದೆ. ನಿಮಗೆ ಚೆಕ್ ಮಾಡುವ ಕೋಡ್ ಅಂತ ಕಂಡದ್ದು ಕಂಪೈಲರ್‌ಗೆ ಕಾಮೆಂಟ್ ಆಗಿರಬಹುದು. ಜಿಸಿಸಿ 12ರಿಂದ ಇದಕ್ಕೆ ವಾರ್ನಿಂಗ್ ಇದೆ. ಕನ್ನಡ ಎಡದಿಂದ ಬಲಕ್ಕೆ ಬರೆಯುವ ಲಿಪಿ, ನಮ್ಮ ಕಾಮೆಂಟ್‌ಗೆ ಆ ಗುರುತುಗಳು ಬೇಕಿಲ್ಲ.

ಪ್ರಾಜೆಕ್ಟ್ ಬೇರೆಯವರಿಗೆ ಕೊಡೋ ಮುಂಚೆ ಕಾಮೆಂಟ್ ಎಲ್ಲಾ ತೆಗೆದು ಕೊಡಬೇಕಾ?

ಸೋರ್ಸ್ ಕೊಡುವುದಾದರೆ ಕಾಮೆಂಟ್ ಸಮೇತ ಕೊಡಿ, ತೆಗೆದುಕೊಂಡವರು ಅದನ್ನು ನೋಡಿಕೊಂಡು ನಡೆಸಬೇಕಲ್ಲ. ತೆಗೆಯಬೇಕಾದದ್ದು ಕೆಲವು ಮಾತ್ರ: ಪಾಸ್‌ವರ್ಡ್, ವೈಫೈ ಕೀ, ಗ್ರಾಹಕರ ಹೆಸರು, ಫೋನ್ ನಂಬರ್. ಟೆಸ್ಟ್ ಮಾಡುವಾಗ "ಸದ್ಯಕ್ಕೆ ಇಲ್ಲಿರಲಿ" ಅಂತ ಇವನ್ನು ಕಾಮೆಂಟ್‌ನಲ್ಲಿ ಬರೆದಿರುತ್ತಾರೆ. ಎಡಿಟರ್‌ನಲ್ಲಿ ಎಲ್ಲಾ ಫೈಲ್‌ಗಳನ್ನೂ ಒಟ್ಟಿಗೆ ಹುಡುಕಿ. ಯಾರಾದರೂ ಬರೆದ ಲೈಸೆನ್ಸ್ ಕಾಮೆಂಟ್ ಫೈಲ್ ಮೇಲಿದ್ದರೆ ಅದನ್ನು ಮುಟ್ಟಬೇಡಿ, ಆ ಕೋಡ್ ಬಳಸಲು ಅನುಮತಿ ಕೊಟ್ಟಿರುವುದೇ ಅಲ್ಲಿ.

ಪಾಸ್‌ವರ್ಡ್ ಇದ್ದ ಕಾಮೆಂಟನ್ನು ಈಗ ಅಳಿಸಿದರೂ ಗಿಟ್‌ನ ಹಿಂದಿನ ಕಮಿಟ್‌ಗಳಲ್ಲಿ ಅದು ಹಾಗೇ ಇರುತ್ತದೆ, ಹುಡುಕಿದವರಿಗೆ ಸಿಗುತ್ತದೆ. ಆದ್ದರಿಂದ ಆ ಪಾಸ್‌ವರ್ಡನ್ನೇ ಮೊದಲು ಬದಲಾಯಿಸಿ, ಕಾಮೆಂಟ್ ಆಮೇಲೆ ಅಳಿಸಿ.